ಪಿಎಚ್‌ಡಿ, ಪೋಸ್ಟ್‌ಡಾಕ್‌ಗೆ ಅರ್ಜಿ: ಓದುವವರು ಅದರಲ್ಲಿ ಏನು ಹುಡುಕುತ್ತಾರೆ?

ಪಿಎಚ್‌ಡಿಯನ್ನೋ ಪೋಸ್ಟ್‌ಡಾಕ್ ಅನ್ನೋ (ಪಿಎಚ್‌ಡಿ ಆದ ಮೇಲೆ ಕೆಲವು ವರ್ಷ ಮಾಡುವ ಸಂಶೋಧನಾ ಕೆಲಸ) ಮಾಡಬೇಕು ಅಂದುಕೊಂಡವರು ಮೊದಲು ಕೇಳುವ ಪ್ರಶ್ನೆ, "ಯಾವ ಯೂನಿವರ್ಸಿಟಿ ಒಳ್ಳೆಯದು?" ಕೇಳಬಾರದ ಪ್ರಶ್ನೆಯೇನಲ್ಲ. ಆದರೆ ಅದಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದ್ದು ಇನ್ನೊಂದಿದೆ. ಈ ಜಾಗಕ್ಕೆ ದುಡ್ಡು ಎಲ್ಲಿಂದ ಬರುತ್ತಿದೆ? ನಿಮ್ಮನ್ನು ಆರಿಸುವವರು ಯಾರು, ಅರ್ಜಿ ಯಾವಾಗ ಹಾಕಬೇಕು, ಅದರಲ್ಲಿ ಏನು ಬರೆಯಬೇಕು, ಎಲ್ಲವೂ ಈ ಒಂದು ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಇದು ಗೊತ್ತಿಲ್ಲದೆ ಒಂದೇ ಅರ್ಜಿಯನ್ನು ಹತ್ತಾರು ಕಡೆ ಕಳಿಸುವವರು ಬಹಳ ಜನ. ಅವರಲ್ಲಿ ಎಷ್ಟೋ ಜನ ನಿಜಕ್ಕೂ ಜಾಣರು. ಹಾಗಿದ್ದೂ ಅರ್ಜಿ ತಲುಪಬೇಕಾದವರ ಕೈಗೆ ತಲುಪುವುದೇ ಇಲ್ಲ.

ಪಿಎಚ್‌ಡಿಗೆ ಸೇರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಪ್ರೋಗ್ರಾಂ. ಅಮೆರಿಕದಲ್ಲಿ ಹೆಚ್ಚಾಗಿ ಇರುವುದು ಇದೇ. ಅಲ್ಲಿ ಅರ್ಜಿ ಹೋಗುವುದು ಒಬ್ಬ ಪ್ರೊಫೆಸರ್‌ಗೆ ಅಲ್ಲ, ವಿಭಾಗಕ್ಕೆ. ವಿಭಾಗದ ಆಯ್ಕೆ ಸಮಿತಿ ಎಲ್ಲಾ ಅರ್ಜಿಗಳನ್ನೂ ಒಟ್ಟಿಗೆ ಓದುತ್ತದೆ. ಹೆಚ್ಚಿನ ಕಡೆ ಡೆಡ್‌ಲೈನ್ ಡಿಸೆಂಬರ್‌ನಲ್ಲಿ, ಸೇರುವುದು ಮುಂದಿನ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ. ಪದವಿ ಮುಗಿಸಿ ನೇರವಾಗಿ ಸೇರಬಹುದು, ಮಾಸ್ಟರ್ಸ್ ಆಗಿರಲೇಬೇಕು ಅಂತ ಸಾಮಾನ್ಯವಾಗಿ ಇರುವುದಿಲ್ಲ. ಮೊದಲ ಒಂದೆರಡು ವರ್ಷ ಕೋರ್ಸ್‌ವರ್ಕ್, ಆಮೇಲೆ ಕ್ವಾಲಿಫೈಯಿಂಗ್ ಪರೀಕ್ಷೆ, ಅದಾದ ಮೇಲೆ ಪೂರ್ತಿ ಸಂಶೋಧನೆ. ವಿಜ್ಞಾನದ ವಿಷಯಗಳಲ್ಲಿ ಟ್ಯೂಷನ್ ಫೀ ಮನ್ನಾ ಆಗಿ, ಜೊತೆಗೆ ಸ್ಟೈಪೆಂಡ್ ಬರುವುದೇ ವಾಡಿಕೆ. ಅದಕ್ಕೆ ಬದಲಾಗಿ ಪಾಠ ಮಾಡುವ ಅಥವಾ ಲ್ಯಾಬ್‌ನಲ್ಲಿ ದುಡಿಯುವ ಜವಾಬ್ದಾರಿ ಇರುತ್ತದೆ. ಪ್ರವೇಶಕ್ಕೆ ಕೇಳುತ್ತಿದ್ದ ಜಿಆರ್‌ಇ ಪರೀಕ್ಷೆಯನ್ನು ಹಲವು ವಿಭಾಗಗಳು ಕೈಬಿಟ್ಟಿವೆ. ಹಾಗಾಗಿ ಆ ಪರೀಕ್ಷೆಗೆ ದುಡ್ಡು ಕಟ್ಟುವ ಮುಂಚೆ ವಿಭಾಗದ ಪುಟವನ್ನು ಓದಿ.

ಎರಡನೆಯದು ನೌಕರಿ. ನೆದರ್ಲೆಂಡ್ಸ್, ಸ್ವೀಡನ್, ನಾರ್ವೆಯಂಥ ದೇಶಗಳಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ. ಜರ್ಮನಿಯಲ್ಲೂ ಬಹುಪಾಲು ಹೀಗೇ. ಬೇರೆ ಉದ್ಯೋಗಗಳ ಹಾಗೆ ಜಾಹೀರಾತು ಬರುತ್ತದೆ, ಕಾಂಟ್ರ್ಯಾಕ್ಟ್ ಇರುತ್ತದೆ, ರಜೆ ಇರುತ್ತದೆ. ಸಾಮಾನ್ಯವಾಗಿ ಮಾಸ್ಟರ್ಸ್ ಬೇಕೇ ಬೇಕು. ಜಾಹೀರಾತು ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು, ಯಾಕೆಂದರೆ ಪ್ರೊಫೆಸರ್‌ಗೆ ಗ್ರ್ಯಾಂಟ್ (ಸಂಶೋಧನೆಗೆ ಕೊಡುವ ಅನುದಾನ) ಸಿಕ್ಕಾಗ ಹುದ್ದೆ ಹುಟ್ಟುತ್ತದೆ. ಇಲ್ಲಿ ಆರಿಸುವುದು ಆ ಗ್ರ್ಯಾಂಟ್ ತಂದ ಪ್ರೊಫೆಸರ್ ಮತ್ತು ಅವರ ಒಂದಿಬ್ಬರು ಸಹೋದ್ಯೋಗಿಗಳು. ಯುರೋಪಿನ ಜಾಹೀರಾತುಗಳನ್ನು ಹುಡುಕಲು ಯುರಾಕ್ಸೆಸ್ (EURAXESS) ಅನ್ನುವ ವೆಬ್‌ಸೈಟ್ ಒಳ್ಳೆಯ ಜಾಗ.

ಈ ಜಾಹೀರಾತುಗಳನ್ನು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಜರ್ಮನಿಯ ಒಂದು ಜಾಹೀರಾತಿನಲ್ಲಿ "ಟಿವಿ-ಎಲ್ ಇ13, 65%, 3 ವರ್ಷ" ಅಂತ ಇದೆ ಅಂದುಕೊಳ್ಳಿ. ಟಿವಿ-ಎಲ್ ಅಂದರೆ ಅಲ್ಲಿನ ರಾಜ್ಯಗಳ ಸರ್ಕಾರಿ ವೇತನ ಪಟ್ಟಿ. ಇ13 ಅದರಲ್ಲಿ ಒಂದು ಶ್ರೇಣಿ. 65% ಅಂದರೆ ಪೂರ್ಣ ಸಂಬಳದ ಅಷ್ಟು ಪಾಲು ಮಾತ್ರ ಸಿಗುತ್ತದೆ, ಏಕೆಂದರೆ ಕಾಗದದ ಮೇಲೆ ಅದು ಪಾರ್ಟ್‌ಟೈಮ್ ಹುದ್ದೆ. ಹಾಗಂತ ಕೆಲಸವೂ 65% ಇರುತ್ತದೆ ಅಂತ ಲೆಕ್ಕ ಹಾಕಬೇಡಿ. ಉಳಿದ ಹೊತ್ತಿನಲ್ಲಿ ನಿಮ್ಮ ಪ್ರಬಂಧದ ಕೆಲಸ ನಡೆಯಲಿ ಅನ್ನುವುದು ಅಲ್ಲಿನ ನಿರೀಕ್ಷೆ. ಒಂದು ಸಾಲಿನಲ್ಲಿ ಇಷ್ಟೆಲ್ಲಾ ಇರುತ್ತದೆ.

ಮೂರನೆಯ ದಾರಿಯಲ್ಲಿ ದುಡ್ಡು ನಿಮ್ಮ ಹೆಸರಿನಲ್ಲೇ ಬರುತ್ತದೆ. ಸರ್ಕಾರದ್ದೋ ಪ್ರತಿಷ್ಠಾನದ್ದೋ ಫೆಲೋಶಿಪ್ ಗೆದ್ದು, ಅದನ್ನು ಹಿಡಿದುಕೊಂಡು ಗೈಡ್ ಹತ್ತಿರ ಹೋಗುವುದು. ಭಾರತದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಈ ಬಗೆಯದು. ಬ್ರಿಟನ್ನಿನಲ್ಲಿ, ಅದರಲ್ಲೂ ಮಾನವಿಕ ವಿಷಯಗಳಲ್ಲಿ, ಪ್ರವೇಶಕ್ಕೆ ಒಂದು ಅರ್ಜಿ, ಹಣಕ್ಕೆ ಇನ್ನೊಂದು ಅರ್ಜಿ ಇರುವುದು ಮಾಮೂಲು. ಪ್ರವೇಶ ಸಿಕ್ಕಿತು ಅಂದಮಾತ್ರಕ್ಕೆ ಹಣ ಸಿಕ್ಕಿತು ಅಂತಲ್ಲ. ಎರಡರ ಡೆಡ್‌ಲೈನ್ ಬೇರೆಬೇರೆ ಇರಬಹುದು, ಹಣದ್ದೇ ಮೊದಲು ಮುಗಿದುಹೋಗಬಹುದು.

ಹಾಗಾದರೆ ಯಾರ ಹತ್ತಿರ ಕೆಲಸ ಮಾಡಬೇಕು ಅಂತ ಹುಡುಕುವುದು ಹೇಗೆ? ರ‍್ಯಾಂಕಿಂಗ್ ಪಟ್ಟಿಯಿಂದಲ್ಲ, ಓದಿನಿಂದ. ನಿಮಗೆ ನಿಜಕ್ಕೂ ಹಿಡಿಸಿದ ನಾಲ್ಕೈದು ಸಂಶೋಧನಾ ಲೇಖನಗಳನ್ನು ತೆಗೆದುಕೊಳ್ಳಿ. ಬರೆದವರು ಯಾರು, ಅವರು ಯಾರನ್ನು ಉಲ್ಲೇಖಿಸಿದ್ದಾರೆ, ಆಮೇಲೆ ಅವರನ್ನು ಯಾರು ಉಲ್ಲೇಖಿಸಿದ್ದಾರೆ ನೋಡುತ್ತಾ ಹೋಗಿ. ಒಂದು ವಾರದಲ್ಲಿ ಆ ಕ್ಷೇತ್ರದ ಹದಿನೈದು ಇಪ್ಪತ್ತು ಹೆಸರುಗಳು ನಿಮಗೆ ಪರಿಚಯವಾಗಿರುತ್ತವೆ.

ಹೆಚ್ಚಿನವರು ಓದದೆ ಬಿಡುವ ಒಂದು ಭಾಗವಿದೆ. ಲೇಖನದ ಕೊನೆಯ ಕೃತಜ್ಞತೆ. ಈ ಕೆಲಸಕ್ಕೆ ಹಣ ಕೊಟ್ಟ ಸಂಸ್ಥೆ ಯಾವುದು, ಗ್ರ್ಯಾಂಟ್ ನಂಬರ್ ಎಷ್ಟು ಅನ್ನುವುದು ಅಲ್ಲಿ ಇರುತ್ತದೆ. ಬಹಳಷ್ಟು ಸಂಸ್ಥೆಗಳು ತಾವು ಕೊಟ್ಟ ಗ್ರ್ಯಾಂಟ್‌ಗಳ ವಿವರವನ್ನು ಸಾರ್ವಜನಿಕವಾಗಿ ಇಟ್ಟಿರುತ್ತವೆ. ಆ ಗ್ರ್ಯಾಂಟ್ ಯಾವ ವರ್ಷ ಶುರುವಾಯಿತು, ಯಾವಾಗ ಮುಗಿಯುತ್ತದೆ ಅಂತ ನೋಡಿದರೆ, ಆ ಗುಂಪು ಹೊಸಬರನ್ನು ತೆಗೆದುಕೊಳ್ಳುವ ಸ್ಥಿತಿಯಲ್ಲಿ ಇದೆಯೋ ಇಲ್ಲವೋ ಅಂತ ಸುಮಾರಾಗಿ ಊಹಿಸಬಹುದು. ಅದೇ ಗುಂಪಿನಿಂದ ಈಚೆಗೆ ಬಂದ ಪಿಎಚ್‌ಡಿ ಪ್ರಬಂಧಗಳನ್ನೂ ತೆರೆದು ನೋಡಿ. ಎಷ್ಟು ವರ್ಷ ಹಿಡಿಯಿತು, ವಿದ್ಯಾರ್ಥಿಗೆ ಮೊದಲ ಹೆಸರಿನ ಲೇಖನಗಳು ಬಂದವೇ, ಈಗ ಅವರು ಎಲ್ಲಿದ್ದಾರೆ. ಒಬ್ಬ ಗೈಡ್ ಬಗ್ಗೆ ಅವರ ಪ್ರಶಸ್ತಿ ಪಟ್ಟಿ ಹೇಳುವುದಕ್ಕಿಂತ ಜಾಸ್ತಿ ಇವು ಹೇಳುತ್ತವೆ.

ಮೊದಲ ಇಮೇಲ್

ಹೆಸರು ಸಿಕ್ಕಿತು, ಈಗ ಬರೆಯಬೇಕು. ಹೆಚ್ಚಿನ ಪ್ರೊಫೆಸರ್‌ಗಳಿಗೆ ಬರುವ ಇಮೇಲ್ ಹೀಗಿರುತ್ತದೆ: "ಮಾನ್ಯರೇ, ನಿಮ್ಮ ಅಮೋಘ ಸಂಶೋಧನೆಯಿಂದ ನಾನು ಬಹಳ ಪ್ರಭಾವಿತನಾಗಿದ್ದೇನೆ. ನಿಮ್ಮ ಪ್ರತಿಷ್ಠಿತ ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡಲು ಅವಕಾಶ ಕೊಡಿ. ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಯಾರಿಗಾದರೂ ಕಳಿಸಬಹುದು, ಯಾರಾದರೂ ಕಳಿಸಬಹುದು. ಓದಿದವರಿಗೆ ನಿಮ್ಮ ಬಗ್ಗೆ ಹೊಸದಾಗಿ ಏನೂ ಗೊತ್ತಾಗಲಿಲ್ಲ, ಅಲ್ವಾ?

ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಿ. "ನೀರಿನ ಕೊರತೆಯಾದಾಗ ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ ಹೇಗೆ ಬದಲಾಗುತ್ತವೆ ಅನ್ನುವ ನಿಮ್ಮ ಲೇಖನವನ್ನು ಓದಿದೆ. ಅದರಲ್ಲಿ ಮಾದರಿಗಳೆಲ್ಲಾ ಮರಳು ಮಣ್ಣಿನವು. ನನ್ನ ಮಾಸ್ಟರ್ಸ್ ಪ್ರಾಜೆಕ್ಟ್‌ನಲ್ಲಿ ಜೇಡಿಮಣ್ಣಿನಲ್ಲಿ ಇದೇ ಬಗೆಯ ಪ್ರಯೋಗ ಮಾಡಿದಾಗ ಬದಲಾವಣೆ ಬಹಳ ನಿಧಾನವಾಗಿ ಕಂಡಿತು. ಮಣ್ಣು ನೀರನ್ನು ಹಿಡಿದಿಡುವ ಬಗೆಯೇ ಇದಕ್ಕೆ ಕಾರಣವಿರಬಹುದೇ ಅಂತ ನೋಡುವ ಆಸೆ ಇದೆ. ಮುಂದಿನ ವರ್ಷ ನಿಮ್ಮಲ್ಲಿ ಪಿಎಚ್‌ಡಿ ಹುದ್ದೆ ತೆರೆಯುವ ಸಾಧ್ಯತೆ ಇದೆಯೇ? ಸಿವಿ ಲಗತ್ತಿಸಿದ್ದೇನೆ."

ಇಷ್ಟು ಸಾಕು. ಲೇಖನ ಓದಿದ್ದೀರಿ, ಅದರ ಒಂದು ಮಿತಿಯನ್ನು ಗುರುತಿಸಿದ್ದೀರಿ, ಕೈಯಾರೆ ಕೆಲಸ ಮಾಡಿದ್ದೀರಿ, ಮುಂದೆ ಒಂದು ಪ್ರಶ್ನೆ ಇದೆ. ಹೊಗಳಿಕೆಯ ಒಂದು ಪದವೂ ಇಲ್ಲದೆ ಗೌರವ ಕಾಣುತ್ತದೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೂ ಬರದಿದ್ದರೆ ಬಿಟ್ಟುಬಿಡಿ. ಒಂದು ಮಾತು: ಕೆಲವು ವಿಭಾಗಗಳು "ದಯವಿಟ್ಟು ಪ್ರೊಫೆಸರ್‌ಗಳಿಗೆ ನೇರವಾಗಿ ಬರೆಯಬೇಡಿ" ಅಂತ ತಮ್ಮ ಪುಟದಲ್ಲೇ ಹಾಕಿರುತ್ತವೆ. ಅಂಥ ಕಡೆ ಬರೆಯಬೇಡಿ.

ಅರ್ಜಿಯ ಕಾಗದಗಳು

ಸಿವಿ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಓದು, ಸಂಶೋಧನಾ ಅನುಭವ, ಲೇಖನಗಳು, ಬಳಸಲು ಬರುವ ಉಪಕರಣ ಮತ್ತು ಸಾಫ್ಟ್‌ವೇರ್, ಮಾಡಿದ ಪಾಠ. ಲೇಖನಗಳ ಪಟ್ಟಿಯಲ್ಲಿ ಪ್ರಕಟವಾದದ್ದು, ಒಪ್ಪಿಗೆ ಪಡೆದದ್ದು, ಪರಿಶೀಲನೆಯಲ್ಲಿ ಇರುವುದು, ಇನ್ನೂ ಬರೆಯುತ್ತಿರುವುದು, ಇವನ್ನು ಬೇರೆಬೇರೆ ಮಾಡಿ. ಎಲ್ಲವನ್ನೂ ಕಲಸಿ ಹಾಕಿದರೆ ಓದುವವರಿಗೆ ಅನುಮಾನ ಬರುತ್ತದೆ, ಆ ಅನುಮಾನ ಸಿವಿಯ ಬೇರೆ ಸಾಲುಗಳಿಗೂ ಹರಡುತ್ತದೆ. ಹಲವರು ಸೇರಿ ಬರೆದ ಲೇಖನವಾದರೆ ಅದರಲ್ಲಿ ನಿಮ್ಮ ಪಾಲು ಏನು ಅಂತ ಒಂದು ಸಾಲು ಸೇರಿಸಿ. ಆರ್ಕಿಡ್ (ORCID) ಐಡಿ ಇಲ್ಲದಿದ್ದರೆ ಮಾಡಿಸಿಕೊಳ್ಳಿ. 2012ರಿಂದ ನಡೆಯುತ್ತಿರುವ ಈ ವ್ಯವಸ್ಥೆ ಪ್ರತಿ ಸಂಶೋಧಕರಿಗೂ 16 ಅಂಕಿಗಳ ಒಂದು ಗುರುತು ಕೊಡುತ್ತದೆ, ಅದು ಉಚಿತ. ಒಂದೇ ಹೆಸರಿನವರು ಹಲವರಿದ್ದಾಗ, ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ ಅಚ್ಚಾದಾಗ ಇದು ಬಹಳ ಉಪಯೋಗ.

ಹೆಚ್ಚು ಹೊತ್ತು ಕೊಡಬೇಕಾದ್ದು ಸ್ಟೇಟ್‌ಮೆಂಟ್‌ಗೆ, ಅಂದರೆ ನಿಮ್ಮ ಕೆಲಸ ಮತ್ತು ಉದ್ದೇಶವನ್ನು ನೀವೇ ವಿವರಿಸುವ ಬರಹಕ್ಕೆ. "ಚಿಕ್ಕಂದಿನಿಂದಲೂ ನನಗೆ ವಿಜ್ಞಾನ ಅಂದರೆ ಪ್ರಾಣ" ಅಂತ ಶುರುವಾಗುವ ಅರ್ಜಿಗಳನ್ನು ಸಮಿತಿಯವರು ಪ್ರತಿ ವರ್ಷ ರಾಶಿಗಟ್ಟಲೆ ಓದುತ್ತಾರೆ. ಆಸಕ್ತಿ ಇದೆ ಅಂತ ಹೇಳಿದರೆ ಕಾಣುವುದಿಲ್ಲ, ನೀವು ಏನು ಮಾಡಿದಿರಿ ಅನ್ನುವುದರಲ್ಲಿ ಕಾಣುತ್ತದೆ. ನೀವು ಮಾಡಿದ ಒಂದು ಕೆಲಸವನ್ನು ಆರಿಸಿಕೊಳ್ಳಿ. ಪ್ರಶ್ನೆ ಏನಿತ್ತು, ಹೇಗೆ ಹೊರಟಿರಿ, ಎಲ್ಲಿ ಕೈಕೊಟ್ಟಿತು, ಆಗ ಏನು ಬದಲಾಯಿಸಿದಿರಿ, ಕೊನೆಗೆ ಏನು ತಿಳಿಯಿತು, ಇನ್ನೂ ಏನು ತಿಳಿದಿಲ್ಲ. ಕೈಕೊಟ್ಟ ಜಾಗವನ್ನು ಮುಚ್ಚಿಡಬೇಡಿ. ಪಿಎಚ್‌ಡಿಯ ಬಹುಪಾಲು ದಿನಗಳು ಹಾಗೇ ಇರುತ್ತವೆ. ಪ್ರಯೋಗ ಕೆಟ್ಟಾಗ ಈ ವ್ಯಕ್ತಿ ಹೇಗೆ ಯೋಚಿಸುತ್ತಾರೆ ಅಂತ ಓದುವವರು ತಿಳಿಯಬಯಸುತ್ತಾರೆ. ಆಮೇಲೆ ಇಲ್ಲೇ ಯಾಕೆ, ಯಾರ ಜೊತೆ ಕೆಲಸ ಮಾಡುವ ಆಸೆ ಅನ್ನುವುದನ್ನು ಒಂದು ಪ್ಯಾರಾದಲ್ಲಿ ಹೇಳಿ. ಯೂನಿವರ್ಸಿಟಿಯ ಹೆಸರನ್ನು ಬದಲಾಯಿಸಿದರೂ ಆ ಪ್ಯಾರಾ ಹಾಗೇ ನಿಲ್ಲುತ್ತದೆ ಅಂದರೆ, ಅದನ್ನು ಮತ್ತೆ ಬರೆಯಿರಿ.

ಕೆಲವು ಕಡೆ ರಿಸರ್ಚ್ ಪ್ರಪೋಸಲ್ ಕೇಳುತ್ತಾರೆ, ಸಾಮಾನ್ಯವಾಗಿ 1,000ದಿಂದ 2,000 ಪದ. ಹೊಸಬರು ಮಾಡುವ ತಪ್ಪು, ಬಹಳ ದೊಡ್ಡ ವಿಷಯ ಹಿಡಿಯುವುದು. "ಹವಾಮಾನ ಬದಲಾವಣೆ ಮತ್ತು ವಲಸೆ" ಅನ್ನುವುದು ಒಂದು ಕ್ಷೇತ್ರ, ಅದು ಪ್ರಶ್ನೆಯಲ್ಲ. ಯಾವ ಪ್ರದೇಶ, ಯಾವ ಅವಧಿ, ಯಾವ ದಾಖಲೆಗಳು, ಅವು ನಿಮ್ಮ ಕೈಗೆ ಸಿಗುತ್ತವೆಯೇ, ಮೂರ್ನಾಲ್ಕು ವರ್ಷದಲ್ಲಿ ಮುಗಿಯುತ್ತದೆಯೇ? ಇವಕ್ಕೆ ಉತ್ತರವಿರುವ ಚಿಕ್ಕ ಪ್ರಶ್ನೆಯೇ ಗಟ್ಟಿ. ಇನ್ನೊಂದು ಸಮಾಧಾನದ ವಿಷಯ. ಸೇರಿದ ಮೇಲೆ ಇದೇ ಪ್ರಪೋಸಲ್‌ಗೆ ಅಂಟಿಕೊಳ್ಳಬೇಕು ಅಂತ ಸಾಮಾನ್ಯವಾಗಿ ಯಾರೂ ಹಿಡಿದು ಕೂರಿಸುವುದಿಲ್ಲ. ನಿಮಗೆ ಒಂದು ಸಂಶೋಧನೆಯನ್ನು ಯೋಚಿಸಲು ಬರುತ್ತದೆಯೇ ಅಂತ ನೋಡುವುದಕ್ಕೆ ಅದನ್ನು ಕೇಳುತ್ತಾರೆ.

ಶಿಫಾರಸು ಪತ್ರಗಳು ಸಾಮಾನ್ಯವಾಗಿ ಎರಡು ಅಥವಾ ಮೂರು ಬೇಕು. ಇಲ್ಲಿ ಹುದ್ದೆ ನೋಡಿ ಮೋಸ ಹೋಗುವವರು ಜಾಸ್ತಿ. ನಿಮ್ಮನ್ನು ತರಗತಿಯಲ್ಲಿ ದೂರದಿಂದ ನೋಡಿದ ವಿಭಾಗದ ಮುಖ್ಯಸ್ಥರಿಗಿಂತ, ಆರು ತಿಂಗಳು ನಿಮ್ಮ ಜೊತೆ ಕೂತು ಡೇಟಾ ನೋಡಿದ ಕಿರಿಯ ಅಧ್ಯಾಪಕರ ಪತ್ರ ಎಷ್ಟೋ ಪಾಲು ಬಲವಾದದ್ದು. ಮುಖ್ಯಸ್ಥರು "ಒಳ್ಳೆಯ ವಿದ್ಯಾರ್ಥಿ, ಒಳ್ಳೆಯ ನಡತೆ" ಅಂತ ಬರೆಯುತ್ತಾರೆ. ಕಿರಿಯರು "ನನ್ನ ಕೋಡ್‌ನಲ್ಲಿ ಒಂದು ದೋಷವನ್ನು ಇವಳೇ ಪತ್ತೆ ಮಾಡಿದಳು" ಅಂತ ಬರೆಯುತ್ತಾರೆ. ಕೇಳುವಾಗ "ನನಗೆ ಬಲವಾದ ಪತ್ರ ಬರೆಯಲು ನಿಮಗೆ ಸಾಧ್ಯವೇ?" ಅಂತ ಬಿಡಿಸಿ ಕೇಳಿ. ಅವರು ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಕೇಳಿ. ಕನಿಷ್ಠ ಒಂದು ತಿಂಗಳು ಮೊದಲು ಕೇಳಿ, ಸಿವಿ, ಸ್ಟೇಟ್‌ಮೆಂಟ್, ಡೆಡ್‌ಲೈನ್‌ಗಳ ಪಟ್ಟಿ ಎಲ್ಲಾ ಒಟ್ಟಿಗೆ ಕೊಡಿ. ಪತ್ರವನ್ನು ಅವರೇ ನೇರವಾಗಿ ಕಳಿಸಬೇಕಾಗಿರುತ್ತದೆ, ಹಾಗಾಗಿ ಡೆಡ್‌ಲೈನ್‌ಗೆ ಒಂದು ವಾರ ಇರುವಾಗ ಮೆಲ್ಲಗೆ ನೆನಪಿಸುವುದರಲ್ಲಿ ತಪ್ಪಿಲ್ಲ.

ಇಂಟರ್‌ವ್ಯೂನಲ್ಲಿ ಮುಖ್ಯವಾಗಿ ಕೇಳುವುದು ನಿಮ್ಮದೇ ಕೆಲಸದ ಬಗ್ಗೆ. ಈ ವಿಧಾನವನ್ನೇ ಯಾಕೆ ಆರಿಸಿಕೊಂಡಿರಿ? ಈ ಗ್ರಾಫ್ ಇಲ್ಲಿ ಯಾಕೆ ಬಾಗಿದೆ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಆಮೇಲೆ ಹೇಗೆ ಕಂಡುಹಿಡಿಯಬಹುದು ಅಂತ ಜೋರಾಗಿ ಯೋಚಿಸಿ. ಸುಮ್ನೆ ಏನೋ ಹೇಳಿ ದಾಟಿಸಲು ಹೋದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಪೋಸ್ಟ್‌ಡಾಕ್‌ನಲ್ಲಿ ಬದಲಾಗುವುದೇನು

ಪಿಎಚ್‌ಡಿ ಅರ್ಜಿಯನ್ನು ಓದುವವರು ಕೇಳಿಕೊಳ್ಳುವುದು, ಈ ವ್ಯಕ್ತಿ ಸಂಶೋಧಕ ಆಗಬಲ್ಲರೇ? ಪೋಸ್ಟ್‌ಡಾಕ್ ಅರ್ಜಿಯಲ್ಲಿ ಆ ಪ್ರಶ್ನೆ ಮುಗಿದಿರುತ್ತದೆ. ಈಗ ಕೇಳುವುದು, ನಮ್ಮಲ್ಲಿ ಇಲ್ಲದ ಏನನ್ನು ಇವರು ತರುತ್ತಾರೆ? ಹಾಗಾಗಿ "ನಿಮ್ಮಲ್ಲಿ ಕಲಿಯಲು ಬರುತ್ತೇನೆ" ಅನ್ನುವ ಧಾಟಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಲಿಯುವುದು ಇದ್ದೇ ಇರುತ್ತದೆ. ಆದರೆ ಪತ್ರದಲ್ಲಿ ನೀವು ತರುವ ವಿಧಾನ, ಡೇಟಾ, ಪ್ರಶ್ನೆ ಮುಂದೆ ಇರಬೇಕು.

ಇಲ್ಲೂ ದುಡ್ಡಿನ ಮೂಲವೇ ದಾರಿ ತೋರಿಸುತ್ತದೆ. ಪ್ರೊಫೆಸರ್‌ನ ಗ್ರ್ಯಾಂಟ್‌ನಿಂದ ಬರುವ ಹುದ್ದೆಯಾದರೆ ಕೆಲಸ ಏನು ಅಂತ ಮೊದಲೇ ನಿಗದಿಯಾಗಿರುತ್ತದೆ. ಜಾಹೀರಾತಿನಲ್ಲಿ ಕೇಳಿದ ಪ್ರತಿಯೊಂದು ಅರ್ಹತೆಗೂ ನಿಮ್ಮ ಪತ್ರದಲ್ಲಿ ಪುರಾವೆ ಇರಲಿ. ನಿಮ್ಮದೇ ಫೆಲೋಶಿಪ್ ಆದರೆ ವಿಷಯ ನಿಮ್ಮದು, ಆಯ್ಕೆ ಮಾಡುವುದು ಹೊರಗಿನ ತಜ್ಞರು. ಅಲ್ಲಿ ಆತಿಥ್ಯ ಕೊಡುವ ಪ್ರೊಫೆಸರ್ ಮೊದಲೇ ಒಪ್ಪಿರಬೇಕು, ಅವರ ಜೊತೆ ಕೂತು ಯೋಜನೆ ಬರೆಯಬೇಕು. ಗ್ರ್ಯಾಂಟ್ ಹುದ್ದೆ ಬೇಗ ಸಿಗಬಹುದು. ಆದರೆ ಮುಂದೆ ಸ್ವಂತ ಗುಂಪು ಕಟ್ಟುವ ಕನಸಿದ್ದರೆ, ಫೆಲೋಶಿಪ್‌ಗೆ ಒಮ್ಮೆಯಾದರೂ ಪ್ರಯತ್ನಿಸಿ ಅನ್ನುವುದು ನನ್ನ ಅಭಿಪ್ರಾಯ. ಸಿಗದಿದ್ದರೂ ಆ ಯೋಜನೆ ಬರೆದ ಅನುಭವ ನಷ್ಟವಾಗುವುದಿಲ್ಲ.

ಫೆಲೋಶಿಪ್‌ಗಳಲ್ಲಿ ವಯಸ್ಸಿಗಿಂತ ಮುಖ್ಯವಾದದ್ದು ಪಿಎಚ್‌ಡಿ ಮುಗಿದ ದಿನಾಂಕ. ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ಮುಗಿದು 4 ವರ್ಷದೊಳಗೆ ಇರಬೇಕು, ಅವಧಿ 6ರಿಂದ 24 ತಿಂಗಳು. ಯುರೋಪಿಯನ್ ಯೂನಿಯನ್ನಿನ ಮರಿ ಸ್ಕ್ಲೋಡೋವ್ಸ್ಕಾ-ಕ್ಯೂರಿ ಫೆಲೋಶಿಪ್‌ನಲ್ಲಿ ಈ ಮಿತಿ 8 ವರ್ಷ. ಅದರಲ್ಲಿ ಇನ್ನೊಂದು ನಿಯಮವಿದೆ, ಹಲವರು ಎಡವುವುದು ಇಲ್ಲೇ. ನೀವು ಹೋಗಬೇಕೆಂದಿರುವ ದೇಶದಲ್ಲಿ, ಡೆಡ್‌ಲೈನ್‌ಗೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಅಂದರೆ ಒಂದು ದೇಶದಲ್ಲಿ ಪಿಎಚ್‌ಡಿ ಮುಗಿಸಿ ಅಲ್ಲೇ ಉಳಿದವರಿಗೆ, ಅದೇ ದೇಶಕ್ಕೆ ಈ ಫೆಲೋಶಿಪ್ ಸಿಗುವುದಿಲ್ಲ. ಅದರ ಡೆಡ್‌ಲೈನ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಫಲಿತಾಂಶ ಮುಂದಿನ ವರ್ಷದ ಆರಂಭದಲ್ಲಿ. ಪ್ರೊಫೆಸರ್ ಹುಡುಕಿ, ಮಾತಾಡಿ, ಯೋಜನೆ ಬರೆಯುವ ಹೊತ್ತನ್ನೂ ಸೇರಿಸಿದರೆ, ಪಿಎಚ್‌ಡಿ ಮುಗಿಯುವ ಒಂದೂವರೆ ವರ್ಷ ಮೊದಲೇ ತಯಾರಿ ಶುರುವಾಗಬೇಕು. ಹೆರಿಗೆ, ಮಕ್ಕಳ ಆರೈಕೆ, ಕಾಯಿಲೆಗೆಂದು ಬಿಡುವು ತೆಗೆದುಕೊಂಡಿದ್ದರೆ ಹಲವು ಸಂಸ್ಥೆಗಳು ಆ ಕಾಲವನ್ನು ಲೆಕ್ಕದಿಂದ ಬಿಡುತ್ತವೆ. ಸಂಕೋಚ ಬೇಡ, ಬರೆದು ಕೇಳಿ. ಅದು ನಿಮ್ಮ ಹಕ್ಕು.

ಪೋಸ್ಟ್‌ಡಾಕ್ ಯೋಜನೆಯಲ್ಲಿ ತಜ್ಞರು ಹುಡುಕುವ ಒಂದು ಪ್ಯಾರಾ ಇದೆ. ಅಂದುಕೊಂಡದ್ದು ಆಗದಿದ್ದರೆ ಏನು? ಎರಡನೇ ಹಂತ ಪೂರ್ತಿಯಾಗಿ ಮೊದಲ ಹಂತದ ಗೆಲುವಿನ ಮೇಲೆ ನಿಂತಿದ್ದರೆ, ಮೊದಲನೆಯದು ಬಿದ್ದ ದಿನ ಎರಡು ವರ್ಷವೂ ಬಿದ್ದಂತೆ. ಒಂದು ಭಾಗವಾದರೂ ಸ್ವತಂತ್ರವಾಗಿ ನಿಲ್ಲುವಂತೆ ಯೋಜಿಸಿ. ಪ್ರಕಟಣೆಗಳ ವಿಷಯಕ್ಕೆ ಬಂದರೆ, ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖವಾಗುತ್ತವೆ ಅನ್ನುವ ಅಂಕಿ) ನೋಡಿ ಜನರನ್ನು ಅಳೆಯಬಾರದು ಅನ್ನುವ ಡೋರಾ ಘೋಷಣೆ 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿತು. ಬಹಳಷ್ಟು ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಎಲ್ಲೆಡೆ ಪಾಲನೆ ಒಂದೇ ಥರ ಇಲ್ಲ. ಆದರೂ ಸಹಿ ಹಾಕಿದ ಕಡೆ ಫ್ಯಾಕ್ಟರ್ ಅಂಕಿ ಹಾಕುವ ಬದಲು, ಆ ಲೇಖನದಿಂದ ಹೊಸದಾಗಿ ತಿಳಿದದ್ದೇನು ಅಂತ ಎರಡು ಸಾಲು ಬರೆಯುವುದೇ ಒಳ್ಳೆಯದು.

ಆಫರ್ ಬಂದ ಮೇಲೆ

ಒಪ್ಪುವ ಮುಂಚೆ ಕೇಳಬೇಕಾದವು ಕೆಲವು ಇವೆ. ಹಣ ಎಷ್ಟು ವರ್ಷಕ್ಕೆ ಖಚಿತ? ಕಾಂಟ್ರ್ಯಾಕ್ಟ್ ವರ್ಷವರ್ಷ ಮುಂದುವರಿಯುವುದಾದರೆ ಅದಕ್ಕೆ ಷರತ್ತೇನು? ಪಾಠದ ಹೊರೆ ಎಷ್ಟು? ಪೋಸ್ಟ್‌ಡಾಕ್ ಆದರೆ, ಹೊರಡುವಾಗ ಕೆಲಸದ ಯಾವ ಭಾಗವನ್ನು ನನ್ನದಾಗಿ ತೆಗೆದುಕೊಂಡು ಹೋಗಬಹುದು? ಈ ಕೊನೆಯದನ್ನು ಮೊದಲೇ ಮಾತಾಡಿಕೊಳ್ಳದೆ ಆಮೇಲೆ ಸಂಬಂಧ ಕೆಟ್ಟ ಗುಂಪುಗಳು ಕಡಿಮೆ ಇಲ್ಲ. ಆ ಗುಂಪಿನಲ್ಲಿ ಈಗ ಇರುವ ವಿದ್ಯಾರ್ಥಿಗಳ ಜೊತೆ, ಗೈಡ್ ಇಲ್ಲದಾಗ, ಮಾತಾಡಿ. ಗೈಡ್ ಎಷ್ಟು ದಿನಕ್ಕೊಮ್ಮೆ ಸಿಗುತ್ತಾರೆ, ಡ್ರಾಫ್ಟ್ ಓದಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಮಧ್ಯದಲ್ಲಿ ಬಿಟ್ಟುಹೋದವರು ಇದ್ದಾರೆಯೇ ಅಂತ ಕೇಳಿ. ಅವರು ಮಾತಾಡಲು ಹೆದರಿದರೆ ಅದನ್ನೂ ಗಮನಿಸಿ.

ಅರ್ಜಿ ಶುಲ್ಕ ಕೆಲವು ಯೂನಿವರ್ಸಿಟಿಗಳಲ್ಲಿ ಇರುತ್ತದೆ, ಅದನ್ನು ಕಟ್ಟುವುದು ಅವರದೇ ಪೋರ್ಟಲ್‌ನಲ್ಲಿ. ಆರ್ಥಿಕ ಕಷ್ಟವಿದ್ದರೆ ಮನ್ನಾ ಕೇಳಬಹುದು. ಆದರೆ ಹುದ್ದೆ ಕೊಡಿಸುತ್ತೇವೆ ಅಂತ ಯಾರಾದರೂ ವೈಯಕ್ತಿಕ ಖಾತೆಗೆ ಹಣ ಕೇಳಿದರೆ ಅದು ಮೋಸ, ಎರಡು ಮಾತಿಲ್ಲ.

ಬೇಡ ಅಂತ ಉತ್ತರ ಬಂದಾಗ ನೋವಾಗುತ್ತದೆ. ಕಾರಣ ಎಷ್ಟೋ ಸಲ ನಿಮ್ಮಲ್ಲಿ ಇರುವುದೇ ಇಲ್ಲ. ಗ್ರ್ಯಾಂಟ್ ಬರದೆ ಹೋಗಿರಬಹುದು, ಗೈಡ್ ಬೇರೆ ಕಡೆ ಹೊರಟಿರಬಹುದು, ಅದೇ ಉಪಕರಣ ಬಳಸಿದ ಅನುಭವ ಇರುವವರು ಇನ್ನೊಬ್ಬರು ಸಿಕ್ಕಿರಬಹುದು. ಫೆಲೋಶಿಪ್‌ಗಳಲ್ಲಿ ಹಲವು ಸಲ ತಜ್ಞರ ಅಭಿಪ್ರಾಯವನ್ನು ಕಳಿಸಿಕೊಡುತ್ತಾರೆ. ಒಂದೆರಡು ದಿನ ಬಿಟ್ಟು ಅದನ್ನು ಓದಿ, ಗೈಡ್ ಜೊತೆ ಕೂತು ಇನ್ನೊಮ್ಮೆ ಓದಿ. ಮತ್ತೆ ಅರ್ಜಿ ಹಾಕಲು ನಿಯಮ ಬಿಡುತ್ತದೆಯೇ ನೋಡಿ, ಬಿಟ್ಟರೆ ತಿದ್ದಿ ಹಾಕಿ.

ಒಂದಕ್ಕಿಂತ ಹೆಚ್ಚು ಆಫರ್ ಬಂದರೆ ಜಾಸ್ತಿ ದಿನ ಎಲ್ಲವನ್ನೂ ಹಿಡಿದುಕೊಂಡು ಕೂರಬೇಡಿ. ಅಮೆರಿಕದ ಬಹಳಷ್ಟು ಯೂನಿವರ್ಸಿಟಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿವೆ. ಅದರ ಪ್ರಕಾರ ಹಣದ ನೆರವಿನ ಆಫರ್‌ಗೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯವಿದೆ, ಅದಕ್ಕೂ ಮೊದಲು ನಿಮ್ಮನ್ನು ಒತ್ತಾಯಿಸುವಂತಿಲ್ಲ. ಆದರೆ ಹೋಗುವುದಿಲ್ಲ ಅಂತ ಮಾರ್ಚ್‌ನಲ್ಲೇ ಖಚಿತವಾಗಿದ್ದರೆ, ಆಗಲೇ ತಿಳಿಸಿಬಿಡಿ. ಆ ಜಾಗಕ್ಕೆ ವೇಟಿಂಗ್ ಲಿಸ್ಟ್‌ನಲ್ಲಿ ಇರುವ ಇನ್ನೊಬ್ಬರನ್ನು ಕರೆಯಲು ವಿಭಾಗಕ್ಕೆ ಹೊತ್ತು ಸಿಗುತ್ತದೆ.